ಹುಲ್ಲಿನ ದಾರಿ

2011ರಲ್ಲಿ ಮೊದಲ ಸಲ ಕುದುರೆಮುಖ ಹತ್ತಿ ಇಳಿದ ಮೇಲೆ, ಕಳಸದ ಬಸ್ ಸ್ಟ್ಯಾಂಡಿನಿಂದ ಅಮ್ಮನಿಗೆ ಫೋನ್ ಮಾಡಿದ್ದೆ. ಹೇಗಿತ್ತು ಅಂತ ಕೇಳಿದಳು. "ಚೆನ್ನಾಗಿತ್ತು ಅಮ್ಮ. ಆದ್ರೆ ಕಾಡು ಅಷ್ಟೇನೂ ಇಲ್ಲ, ಮೇಲೆಲ್ಲ ಬೋಳು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಎಂತ ಬೋಳು ಮಾರಾಯ್ತಿ? ಅಷ್ಟು ಹುಲ್ಲು ಉಂಟಲ್ಲ!" ಅಂದಳು.

ಅಮ್ಮ ಹುಟ್ಟಿದ್ದು ಸಂಸೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದು ನಲವತ್ತು ವರ್ಷ ದಾಟಿತು. ಆದರೆ ಸಿಟ್ಟು ಬಂದಾಗ, ಖುಷಿಯಾದಾಗ ಅವಳ ಬಾಯಲ್ಲಿ ಇವತ್ತಿಗೂ ಆ ಕಡೆಯ ಮಾತೇ ಬರುತ್ತದೆ. ಅವತ್ತು ಫೋನಿನಲ್ಲಿ ಕೇಳಿದ್ದು ಸಿಟ್ಟೋ ಬೇಜಾರೋ ಗೊತ್ತಾಗಲಿಲ್ಲ. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಮತ್ತೆ ಆ ಬೆಟ್ಟಕ್ಕೆ ಹೋಗಿದ್ದು 2024ರ ನವೆಂಬರಿನಲ್ಲಿ, ಅಮ್ಮನ ಜೊತೆ. ಅವಳಿಗೆ ಆಗ ಅರವತ್ತೆರಡು. ವಿಚಿತ್ರ ಅಂದರೆ, ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವಳು ಒಂದು ಸಲವೂ ತುದಿಗೆ ಹೋಗಿರಲಿಲ್ಲ. ಯಾಕೆ ಅಂತ ಕೇಳಿದರೆ, "ಅಲ್ಲಿ ನಮಗೆ ಎಂತ ಕೆಲಸ ಇತ್ತು?" ಅಂದಳು. ಅವರು ಹೋಗುತ್ತಿದ್ದದ್ದು ಕೆಳಗಿನ ಹುಲ್ಲುಗುಡ್ಡಗಳವರೆಗೆ ಮಾತ್ರ. ಅದೂ ಕತ್ತಿ ಹಿಡಿದುಕೊಂಡು.

ಈ ಸಲ ಸುಮ್ನೆ ಹೊರಟು ಹೋಗುವ ಹಾಗಿರಲಿಲ್ಲ. 2024ರ ಜನವರಿ ಕೊನೆಯಲ್ಲಿ, ಸಾಲು ರಜೆಯ ದಿನಗಳಲ್ಲಿ, ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದು ದಾರಿಯಲ್ಲಿ ಕಾಲಿಡಲೂ ಜಾಗ ಇಲ್ಲದ ಫೋಟೋಗಳನ್ನು ನೀವೂ ನೋಡಿರಬೇಕು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ಚಾರಣದ ದಾರಿಗೆ ದಿನಕ್ಕೆ 300 ಜನ, ಅಷ್ಟೇ. ನಾವು ಮೊದಲೇ ಬುಕ್ ಮಾಡಿ, ಬಾಳೆಗಲ್‌ನಿಂದ ಜೀಪಿನಲ್ಲಿ ಕುಲುಕಿಕೊಂಡು ಮುಳ್ಳೋಡಿ ಸೇರಿದೆವು. ರಾತ್ರಿ ಅಲ್ಲೇ ಒಂದು ಹೋಂಸ್ಟೇಯಲ್ಲಿ ಉಳಿದೆವು. ಬೆಳಿಗ್ಗೆ ನೀರುದೋಸೆ, ಕಾಯಿಚಟ್ನಿ. ಬುತ್ತಿಗೆ ಚಿತ್ರಾನ್ನ. ಚೆಕ್‌ಪೋಸ್ಟಿನಲ್ಲಿ ಆಧಾರ್ ಕಾರ್ಡ್ ತೋರಿಸಿ, ಬ್ಯಾಗು ಬಿಚ್ಚಿ ಪ್ಲಾಸ್ಟಿಕ್ ಏನಿದೆ ಅಂತ ತೋರಿಸಿ, ಗೈಡ್ ಹಿಂದೆ ಹೊರಟಾಗ ಏಳು ಗಂಟೆ.

ಗೈಡ್ ಅಲ್ಲಿಯದೇ ಊರಿನ ಹುಡುಗ, ಮೂವತ್ತರ ಒಳಗೆ. ಅಮ್ಮ ಹತ್ತೇ ನಿಮಿಷದಲ್ಲಿ ಅವನ ಮನೆ ಎಲ್ಲಿ, ಅಜ್ಜಿಯ ತವರು ಎಲ್ಲಿ, ತೋಟಕ್ಕೆ ಕೊಳೆರೋಗ ಬಂದಿತ್ತಾ ಎಲ್ಲ ಕೇಳಿ ಮುಗಿಸಿದಳು. ಅವನು ಅವಳನ್ನು 'ಅಮ್ಮ' ಅಂತ, ನನ್ನನ್ನು 'ಅಕ್ಕ' ಅಂತ ಕರೆಯತೊಡಗಿದ. ಉಂಬಳ, ಅಂದರೆ ರಕ್ತ ಹೀರುವ ಜಿಗಣೆಗಳು, ಇನ್ನೂ ಇದ್ದವು. ನಾನು ಬೆಂಗಳೂರಿನಿಂದ ಏನೇನೋ ಸ್ಪ್ರೇ ತಂದಿದ್ದೆ. ಅಮ್ಮ ಹೊಗೆಸೊಪ್ಪು, ಸುಣ್ಣ ಕಲಸಿ ಬಟ್ಟೆಯ ಗಂಟು ಕಟ್ಟಿ ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡಿದ್ದಳು. ಕಾಲಿಗೆ ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ಸಾಕು, ಉದುರಿ ಬೀಳುತ್ತಿತ್ತು.

ಮೊದಲ ಒಂದೆರಡು ಗಂಟೆ ದಾರಿ ಕಾಡು, ಹಳ್ಳ, ಮತ್ತೆ ಕಾಡು. ಲೋಬೋ ಮನೆ ಅಂತ ಕರೆಯುವ ಹಳೇ ಮನೆ ದಾಟಿ, ಒಂಟಿಮರದ ಹತ್ತಿರ ಬರುವ ಹೊತ್ತಿಗೆ ಬೆಟ್ಟ ಪೂರ್ತಿ ತೆರೆದುಕೊಳ್ಳುತ್ತದೆ. ನವೆಂಬರಿನಲ್ಲಿ ಹುಲ್ಲು ಪೂರ್ತಿ ಹಸಿರೂ ಅಲ್ಲ, ಒಣಗಿಯೂ ಇರುವುದಿಲ್ಲ. ತೆನೆ ಬಿಟ್ಟು ತುದಿ ಕೆಂಪಗಾಗಿರುತ್ತದೆ. ಗಾಳಿ ಬೀಸಿದಾಗ ಇಡೀ ಗುಡ್ಡ ಒಂದು ಕಡೆಗೆ ಮಲಗಿ ಎದ್ದ ಹಾಗೆ ಕಾಣುತ್ತದೆ. ಅಮ್ಮ ಅಲ್ಲಿ ನಿಂತಳು. ದಣಿವಾಗಿರಬೇಕು ಅಂತ ನೀರಿನ ಬಾಟಲಿ ಕೊಟ್ಟೆ. ಅವಳು ಅದನ್ನು ತೆಗೆದುಕೊಳ್ಳದೆ ಬಗ್ಗಿ ಒಂದು ಹುಲ್ಲಿನ ಬುಡ ಮುಟ್ಟಿ ನೋಡಿದಳು.

"ಇದು ಹೊದಿಸುವ ಹುಲ್ಲು" ಅಂದಳು. "ಅದು ಬೇರೆ. ಅದು ದನ ತಿಂತದೆ. ಇದನ್ನು ಮುಟ್ಟೂದಿಲ್ಲ."

ನನಗೆ ಎರಡೂ ಒಂದೇ ಥರ ಕಂಡವು. ಅವಳಿಗೆ ಎಲೆಯ ಅಂಚು ಸವರಿದರೆ ಗೊತ್ತಾಗುತ್ತದೆ. ಅವಳ ತವರಿನ ಮನೆಗೆ ಹೆಂಚಿತ್ತು, ಕೊಟ್ಟಿಗೆಗೆ ಹುಲ್ಲು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಳೇ ಹುಲ್ಲು ಕಿತ್ತು ಹೊಸತು ಹೊದಿಸಬೇಕು. ಅದಕ್ಕೆ ಮಳೆ ಮುಗಿದು ತೆನೆ ಒಣಗಿದ ಮೇಲೆ ಗುಡ್ಡಕ್ಕೆ ಹೋಗಿ ಕೊಯ್ಯುವುದು. ಕೊಯ್ದು ಸೂಡಿ ಕಟ್ಟುವುದು, ಸೂಡಿಗಳನ್ನು ಸೇರಿಸಿ ಹೊರೆ ಮಾಡುವುದು, ತಲೆ ಮೇಲೆ ಹೊತ್ತು ಇಳಿಯುವುದು. ಸೊಂಟ ಮಟ್ಟದ ಹುಡುಗಿಗೂ ಅವಳ ಅಳತೆಯ ಒಂದು ಹೊರೆ ಇರುತ್ತಿತ್ತಂತೆ. ಬುಡದಿಂದ ನಾಲ್ಕು ಬೆರಳು ಬಿಟ್ಟೇ ಕೊಯ್ಯಬೇಕು ಅಂತ ಅಜ್ಜ ಹೇಳುತ್ತಿದ್ದರಂತೆ. ಬೇರು ಅಲುಗಿದರೆ ಮುಂದಿನ ಮಳೆಗೆ ಆ ಜಾಗ ಜರಿಯುತ್ತದೆ.

ಈ ಜಾಗ ರಾಷ್ಟ್ರೀಯ ಉದ್ಯಾನ ಆಗಿದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರು. ಈಗ ಇಲ್ಲಿಂದ ಒಂದು ಕಡ್ಡಿ ಹುಲ್ಲನ್ನೂ ಕೊಯ್ಯುವಂತಿಲ್ಲ. ಅಮ್ಮನಿಗೆ ಅದರ ಬಗ್ಗೆ ಸಿಟ್ಟಿಲ್ಲ. "ಒಳ್ಳೇದೇ ಆಯ್ತು" ಅಂತಾಳೆ. ಆದರೆ ಅವಳಿಗೆ ಗೊತ್ತಿರುವ ಎಷ್ಟೋ ಸಂಗತಿಗಳಿಗೆ ಈಗ ಕೆಲಸವೇ ಇಲ್ಲ ಅನ್ನುವುದು ಅವತ್ತು ನನಗೆ ಹೊಳೆಯಿತು. ಮನಸ್ಸಿಗೆ ಒಂಥರಾ ಆಯಿತು.

ಬೋಳು ಅಂತ ಅಂದದ್ದು ನಾನೊಬ್ಬಳೇ ಅಲ್ಲ. ಮರ ಇಲ್ಲ ಅಂದರೆ ಕಾಡು ಹಾಳಾಗಿದೆ, ಯಾರೋ ಕಡಿದಿದ್ದಾರೆ, ಇಲ್ಲಿ ಗಿಡ ನೆಡಬೇಕು ಅನ್ನುವ ಯೋಚನೆ ನಮ್ಮೆಲ್ಲರಲ್ಲೂ ಇದೆ. ನೀಲಗಿರಿ ಬೆಟ್ಟಗಳಲ್ಲಿ ಇದೇ ಯೋಚನೆಯಿಂದ ಬ್ರಿಟಿಷರ ಕಾಲದಿಂದಲೇ ಹುಲ್ಲಿನ ಮೇಲೆ ವಾಟಲ್, ಪೈನ್, ನೀಲಗಿರಿ ಮರಗಳನ್ನು ನೆಟ್ಟರು. ಅಲ್ಲಿಯ ಹಳೇ ಹುಲ್ಲುಗಾವಲಿನಲ್ಲಿ ಬಹಳಷ್ಟು ಆ ಮರಗಳ ಕೆಳಗೆ ಹೋಯಿತು. ಆದರೆ ಅದೇ ನೀಲಗಿರಿಯ ಜೌಗು ಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು ಅಗೆದು ಪರೀಕ್ಷಿಸಿ ನೋಡಿದರು. 1993ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿತ್ತು. ಕೃಷಿ ಬರುವುದಕ್ಕೂ ಎಷ್ಟೋ ಮೊದಲು! ಯಾರೂ ಕಡಿದು ಉಂಟಾದ ಜಾಗ ಅಲ್ಲ ಅದು. ಮರದ ಹಾಗೆ ಹುಲ್ಲಿಗೂ ತನ್ನದೇ ಮನೆ ಇದೆ.

ಕುದುರೆಮುಖದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಗುಡ್ಡದ ಬೆನ್ನಿನ ಮೇಲೆ, ಗಾಳಿ ನೇರ ಬಡಿಯುವಲ್ಲಿ, ಮಣ್ಣು ತೆಳ್ಳಗಿರುವಲ್ಲಿ ಹುಲ್ಲು. ಎರಡು ಗುಡ್ಡ ಸೇರುವ ಸಂದಿಯಲ್ಲಿ, ನೀರು ನಿಂತು ಹರಿಯುವಲ್ಲಿ, ಮಣ್ಣು ದಪ್ಪಗಿರುವಲ್ಲಿ ಮರ. ಈ ಸಂದಿಯ ಕಾಡಿಗೇ ಶೋಲಾ ಅನ್ನುತ್ತಾರೆ. ಎರಡರ ನಡುವಿನ ಗಡಿ ಗೆರೆ ಎಳೆದ ಹಾಗಿರುತ್ತದೆ. ಒಂದು ಹೆಜ್ಜೆ ಹಿಂದೆ ಬಿಸಿಲು, ಒಂದು ಹೆಜ್ಜೆ ಮುಂದೆ ಕತ್ತಲೆ, ತಂಪು, ಪಾಚಿ ಹಿಡಿದ ಕುಳ್ಳ ಮರಗಳು. ಮಳೆ ಬಂದಾಗ ಹುಲ್ಲಿನ ಬೇರು ನೀರನ್ನು ಹಿಡಿದುಕೊಳ್ಳುತ್ತದೆ, ಶೋಲಾದ ಮಣ್ಣು ಅದನ್ನು ತುಂಬಿಟ್ಟುಕೊಳ್ಳುತ್ತದೆ, ಆಮೇಲೆ ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಹಳ್ಳಕ್ಕೆ ಬಿಡುತ್ತದೆ. ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟು ದಾಟಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಗಂಗಾವತಿಯ ಗದ್ದೆಗೂ ಮಂಗಳೂರಿನ ನಲ್ಲಿಗೂ ನೀರು ಒಂದೇ ಬೆಟ್ಟದಿಂದ ಬರುತ್ತದೆ ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಈ ಮಣ್ಣಿನ ಕೆಳಗೆ ಕಬ್ಬಿಣದ ಅದಿರಿದೆ. ಅದೇ ಬೆಟ್ಟಕ್ಕೆ ಕುತ್ತಾಯಿತು. ಎಪ್ಪತ್ತರ ದಶಕದಲ್ಲಿ ಯೋಜನೆ ಶುರುವಾಗಿ, ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ಕುದುರೆಮುಖ ಅಂತ ಒಂದು ಪಟ್ಟಣವೇ ಎದ್ದಿತು. ನಮ್ಮ ಸೋದರಮಾವನಿಗೆ ಕಳಸದಲ್ಲಿ ಮಳೆಗಾಲದ ಭದ್ರೆ ಕೆಂಪಗೆ ಹರಿಯುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು. ಒಂದು ಬೆಟ್ಟಸಾಲನ್ನು ಉಳಿಸುವುದಕ್ಕೆ ಹೀಗೆ ಹಟ ಹಿಡಿದು ಕೂತವರ ಹೆಸರು ಅಲ್ಲಿ ನಡೆಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಇಷ್ಟು ದೊಡ್ಡ ಕಷ್ಟ ದಾಟಿ ಬಂದ ಬೆಟ್ಟಕ್ಕೆ ಈಗಿನ ಕಷ್ಟ ಸಣ್ಣದು. ನನ್ನ ಶೂ ಅಗಲದ್ದು.

ಒಂಟಿಮರ ದಾಟಿ ಸ್ವಲ್ಪ ಮುಂದೆ, ದಾರಿಯಲ್ಲಿ ಕೆಸರು ನಿಂತಿತ್ತು. ನಾನು ಅಭ್ಯಾಸಬಲದಿಂದ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟೆ. ಮುಂದೆ ಹೋಗುತ್ತಿದ್ದ ಗೈಡ್ ತಿರುಗಿ ನೋಡಿ ನಿಂತ.

"ಅಕ್ಕ, ಹುಲ್ಲಿನ ಮೇಲೆ ಬೇಡ. ದಾರೀಲೇ ಬನ್ನಿ. ಶೂ ಒದ್ದೆ ಆದ್ರೆ ಸಂಜೆಗೆ ಒಣಗ್ತದೆ."

ನಾನು ಕೆಸರಿಗೆ ಇಳಿದೆ. ಅವನು ಮೇಲಿನ ಗುಡ್ಡದ ಕಡೆ ಕೋಲು ತೋರಿಸಿದ. ಅಲ್ಲಿ ದಾರಿ ಒಂದಾಗಿರಲಿಲ್ಲ. ಹುಲ್ಲಿನ ನಡುವೆ ನಾಲ್ಕು ಕೆಂಪು ಗೆರೆಗಳು ಅಕ್ಕಪಕ್ಕ ಹೋಗುತ್ತಿದ್ದವು. "ನಾನು ಈ ಕೆಲಸಕ್ಕೆ ಬಂದಾಗ ಅಲ್ಲಿ ಒಂದೇ ಇತ್ತು" ಅಂದ.

ಆಮೇಲೆ ದಾರಿಯುದ್ದಕ್ಕೂ ಅವನು ವಿವರಿಸಿದ, ಅಮ್ಮ ತನಗೆ ಗೊತ್ತಿದ್ದದ್ದನ್ನು ಸೇರಿಸಿದಳು. ಹುಲ್ಲನ್ನು ಮತ್ತೆ ಮತ್ತೆ ತುಳಿದರೆ ಮೊದಲು ಎಲೆ ಸಾಯುತ್ತದೆ, ಆಮೇಲೆ ಬೇರು. ಬೇರು ಸತ್ತ ಕಡೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಕುದುರೆಮುಖದ ಮಳೆ ಅಂದರೆ ಬೆಂಗಳೂರಿನ ಏಳೆಂಟು ವರ್ಷದ ಮಳೆ ನಾಲ್ಕೈದು ತಿಂಗಳಲ್ಲಿ ಸುರಿದ ಹಾಗೆ. ಅಷ್ಟು ನೀರು ಆ ಗಟ್ಟಿ ಗೆರೆ ಹಿಡಿದು ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ಕಾಲುದಾರಿ ಕಾಲುವೆ ಆಗುತ್ತದೆ. ಮುಂದಿನ ವರ್ಷ ಬಂದವರಿಗೆ ಆ ಕಾಲುವೆಯಲ್ಲಿ ನಡೆಯಲು ಕಷ್ಟ. ಪಕ್ಕದ ಹುಲ್ಲಿನ ಮೇಲೆ ಹತ್ತುತ್ತಾರೆ. ಅಲ್ಲೂ ಹುಲ್ಲು ಸಾಯುತ್ತದೆ. ಹೀಗೇ ಎರಡು, ಮೂರು, ನಾಲ್ಕು.

2011ರ ಇಳಿಜಾರು ನೆನಪಾಯಿತು. ತುದಿ ಮುಟ್ಟಿದ ಖುಷಿಯಲ್ಲಿ ನಾವು ಎಂಟು ಜನ ಗೆಳೆಯರು ಸುತ್ತುದಾರಿ ಬಿಟ್ಟು, ಕೂಗಾಡುತ್ತಾ, ಗುಡ್ಡದ ಹೊಟ್ಟೆಯ ಮೇಲೆ ನೇರ ಓಡಿ ಇಳಿದಿದ್ದೆವು. ಒಬ್ಬೊಬ್ಬರದು ಒಂದೊಂದು ದಾರಿ. ಹಿಮ್ಮಡಿ ಊರಿದಲ್ಲೆಲ್ಲ ಹುಲ್ಲಿನ ಬುಡ ಕಿತ್ತು ಬರುತ್ತಿತ್ತು. ಅದರ ವೀಡಿಯೋ ಕೂಡ ನನ್ನ ಹತ್ತಿರ ಇದೆ. ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ಹಾರುವ ಮಣ್ಣನ್ನು ಮಾತ್ರ ಒಂದು ಸಲವೂ ನೋಡಿರಲಿಲ್ಲ. ನಾವು ಪ್ಲಾಸ್ಟಿಕ್ ಬಿಸಾಡಲಿಲ್ಲ, ಬೆಂಕಿ ಹಚ್ಚಲಿಲ್ಲ, ಕುಡಿಯಲಿಲ್ಲ. ಒಳ್ಳೆಯ ಚಾರಣಿಗರು ಅಂತಲೇ ಅಂದುಕೊಂಡಿದ್ದೆವು. ಅಜ್ಜ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ ಅಂತ ಕಾಪಾಡಿದ ಬೇರನ್ನು ಮೊಮ್ಮಗಳು ಒಂದು ಮಧ್ಯಾಹ್ನದಲ್ಲಿ ಕಿತ್ತು ಹಾಕಿದ್ದಳು. ಇದನ್ನು ಅಮ್ಮನಿಗೆ ಅಲ್ಲೇ ಹೇಳಿದೆ. ಅವಳು ಬೈಯಲಿಲ್ಲ. "ಗೊತ್ತಿರ್ಲಿಲ್ಲ ನಿಂಗೆ" ಅಂದಳು. ಬೈದಿದ್ದರೇ ಹಗುರಾಗುತ್ತಿತ್ತು.

ನೂರು ಹೆಜ್ಜೆಗೊಮ್ಮೆ ಗೈಡ್ ಕೆಳಗೆ ಬಗ್ಗುತ್ತಿದ್ದ. ದಾರಿಗೆ ಅಡ್ಡವಾಗಿ ಕೆಲವು ಕಡೆ ಸಣ್ಣ ಚರಂಡಿ ತೋಡಿದ್ದಾರೆ. ದಾರಿ ಹಿಡಿದು ಬರುವ ನೀರನ್ನು ಅದು ಪಕ್ಕದ ಹುಲ್ಲಿಗೆ ತಿರುಗಿಸುತ್ತದೆ. ಅದರಲ್ಲಿ ಕಡ್ಡಿ, ಕಲ್ಲು, ಮಣ್ಣು ತುಂಬಿದರೆ ನೀರು ಮತ್ತೆ ದಾರಿಗೇ ಬೀಳುತ್ತದೆ. ಅವನು ಕೋಲಿನಿಂದ ಅದನ್ನು ಕೆದಕಿ ಬಿಡಿಸುತ್ತಿದ್ದ. ಅಮ್ಮ, "ಇದು ನಮ್ಮ ತೋಟದ ಬಸಿಗಾಲುವೆ ಕೆಲಸವೇ" ಅಂದಳು. ಆಮೇಲೆ ಅವಳೂ ಉಂಬಳದ ಕೋಲನ್ನು ತಿರುಗಿಸಿ ಹಿಡಿದು ಕೆದಕತೊಡಗಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಬೆಂಗಳೂರಿನಲ್ಲಿ ನೋಡಿಲ್ಲ. ನಮ್ಮ ಹಿಂದೆ ಬಂದ ಗುಂಪಿನ ಇಬ್ಬರು ಹುಡುಗರು ಏನು ಮಾಡ್ತಿದ್ದೀರಿ ಅಂತ ಕೇಳಿದರು. ಅಮ್ಮ ಹೇಳಿದಳು. ಅವರಲ್ಲಿ ಒಬ್ಬ ಮುಂದಿನ ಚರಂಡಿಯನ್ನು ಶೂ ತುದಿಯಿಂದ ಬಿಡಿಸಿ ಹೋದ.

ದಿನಕ್ಕೆ 300 ಅನ್ನುವ ಲೆಕ್ಕ ಒಳ್ಳೆಯದೇ. ಜಾಸ್ತಿಯಾಯಿತು ಅನ್ನುವವರೂ ಇದ್ದಾರೆ, ಕಮ್ಮಿ ಅನ್ನುವವರೂ ಇದ್ದಾರೆ. ನನಗೆ ಈಗ ಅನ್ನಿಸುವುದು ಬೇರೆ. ಒಂದೇ ಗೆರೆಯಲ್ಲಿ ಹೋಗುವ 300 ಜನಕ್ಕಿಂತ ಗುಡ್ಡದ ತುಂಬ ಹರಡಿ ನಡೆಯುವ 50 ಜನ ಹೆಚ್ಚು ಹಾಳು ಮಾಡುತ್ತಾರೆ. ಚೆಕ್‌ಪೋಸ್ಟಿನಲ್ಲಿ ಬ್ಯಾಗು ನೋಡುವ ಹೊತ್ತಿಗೇ ಎರಡು ನಿಮಿಷ ಈ ಮಾತನ್ನೂ ಹೇಳಬೇಕು. ಕೆಸರು ನಿಲ್ಲುವ ಕಡೆ ಕಲ್ಲು ಹಾಸಬೇಕು. ಟಿಕೆಟ್ ದುಡ್ಡಿನಲ್ಲಿ ಒಂದಷ್ಟು ಈ ದಾರಿಯ ರಿಪೇರಿಗೇ ಹೋಗಬೇಕು, ಆ ಕೂಲಿ ಈ ಊರಿನವರಿಗೇ ಸಿಗಬೇಕು. ಸವೆದ ಗೆರೆಗಳನ್ನು ಮುಚ್ಚಿ, ಅಲ್ಲಿಯದೇ ಹುಲ್ಲು ಮತ್ತೆ ಬರುವವರೆಗೆ ಕಾಯಬೇಕು. ಇದೆಲ್ಲ ದೊಡ್ಡ ಯಂತ್ರ, ದೊಡ್ಡ ದುಡ್ಡು ಬೇಡುವ ಕೆಲಸ ಅಲ್ಲ. ಹಾರೆ, ಗುದ್ದಲಿ, ನಾಲ್ಕು ಜನರ ಕೈ ಸಾಕು.

ತುದಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕೊನೆಯ ಶೋಲಾ ದಾಟಿ, ಹಳ್ಳದ ನೀರು ಕುಡಿದು, ಹಳೇ ಚರ್ಚಿನ ಮುರಿದ ಗೋಡೆ ನೋಡಿ, ಹನ್ನೆರಡರ ಹೊತ್ತಿಗೆ ಮೇಲೆ ಮುಟ್ಟಿದೆವು. 1,894 ಮೀಟರು. ಸುತ್ತ ಬರೀ ಮಂಜು. ಸಮುದ್ರದ ಕಡೆಯ ಕಣಿವೆ ಐದು ನಿಮಿಷ ಕಂಡಿತು, ಮತ್ತೆ ಮುಚ್ಚಿತು. ಹಿಂದೆ ಹಡಗಿನವರು ಕಡಲಿನಿಂದ ಈ ಬೆಟ್ಟದ ಕುದುರೆಯ ಮುಖ ನೋಡಿ ದಿಕ್ಕು ತಿಳಿಯುತ್ತಿದ್ದರಂತೆ. ಅಮ್ಮನ ಕಡೆಯ ಹಳಬರಿಗೆ ಇದು ಸಂಸೆ ಪರ್ವತ. ಚಿತ್ರಾನ್ನ ತಿಂದೆವು. ಅಮ್ಮ ಕೆಳಗೆ ತನ್ನ ಊರು ಎಲ್ಲಿರಬಹುದು ಅಂತ ಮಂಜಿನೊಳಗೆ ಕೈ ತೋರಿಸಿದಳು. ಗೈಡ್, "ಅಲ್ಲ ಅಮ್ಮ, ಇನ್ನೂ ಸ್ವಲ್ಪ ಎಡಕ್ಕೆ" ಅಂದ.

ಇಳಿಯುವಾಗ ನಾನು ಅಮ್ಮನ ಹಿಂದೆ ಇದ್ದೆ. ಅವಳ ಹೆಜ್ಜೆ ನೋಡುತ್ತಾ ಬಂದೆ. ಮೊಣಕಾಲು ನೋಯುತ್ತಿತ್ತು, ಗೊತ್ತಾಗುತ್ತಿತ್ತು. ಆದರೂ ಎಲ್ಲೂ ಗೆರೆ ಬಿಟ್ಟು ಪಕ್ಕಕ್ಕೆ ಹೋಗಲಿಲ್ಲ. ಜಾರುವ ಕಡೆ ಕೂತು, ಕೈ ಊರಿ ಇಳಿದಳು. ನಾನೂ ಹಾಗೇ ಮಾಡಿದೆ. ನಾಲ್ಕು ಗೆರೆ ಇರುವ ಜಾಗಕ್ಕೆ ಬಂದಾಗ ಗೈಡ್ ಎಲ್ಲಕ್ಕಿಂತ ಹಳೆಯದನ್ನು, ಎಲ್ಲಕ್ಕಿಂತ ಆಳವಾದದ್ದನ್ನು ತೋರಿಸಿದ. ಅದರೊಳಗೆ ನಡೆದರೆ ಎರಡೂ ಕಡೆ ಮಣ್ಣು ಮೊಣಕಾಲಿನವರೆಗೆ ಬರುತ್ತಿತ್ತು. ಕತ್ತರಿಸಿದ ಹಾಗಿದ್ದ ಆ ಮಣ್ಣಿನ ಗೋಡೆಯಲ್ಲಿ ಹುಲ್ಲಿನ ಬೇರುಗಳು ಕೂದಲಿನ ಹಾಗೆ ನೇತಾಡುತ್ತಿದ್ದವು. ಎಷ್ಟು ಉದ್ದ! ಮೇಲೆ ಕಾಣುವ ಹುಲ್ಲಿನಷ್ಟೇ ಕೆಳಗೂ ಇತ್ತು. ಅಮ್ಮ ನಡೆಯುತ್ತಲೇ ಅವುಗಳ ಮೇಲೆ ಬೆರಳು ಆಡಿಸುತ್ತಾ ಹೋದಳು.

ಮುಳ್ಳೋಡಿ ಸೇರಿದಾಗ ಐದು ಗಂಟೆ. ಬಿಸಿನೀರು ಸ್ನಾನ ಮಾಡಿ, ಕಾಫಿ ಕುಡಿದು, ಹೋಂಸ್ಟೇಯ ಜಗಲಿಯಲ್ಲಿ ಕೂತೆವು. ಅಮ್ಮನ ಚೂಡಿದಾರದ ಪ್ಯಾಂಟಿನ ತುಂಬ ಹುಲ್ಲಿನ ಊಬು, ಅಂದರೆ ಕಡ್ಡಿಯಂಥ ಬಾಲ ಇರುವ ಬೀಜಗಳು, ಚುಚ್ಚಿಕೊಂಡಿದ್ದವು. ಅವಳು ಅದನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ಕೀಳುತ್ತಾ, ಲೋಟದ ಮುಚ್ಚಳದಲ್ಲಿ ಕೂಡಿಸುತ್ತಿದ್ದಳು. ಗೈಡ್ ಮನೆಗೆ ಹೊರಡುವ ಮೊದಲು ಮಾತಾಡಿಸಲು ಬಂದವನು ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಇದನ್ನು ಎಂತ ಮಾಡ್ತೀರಿ ಅಮ್ಮ?"

"ನಾಳೆ ಬೆಳಿಗ್ಗೆ ಮೇಲೆ ಹೋಗ್ತೀಯಲ್ಲ. ಆ ಎರಡನೇ ಗೆರೆ ಉಂಟಲ್ಲ, ಬೋಳಾದದ್ದು, ಅಲ್ಲಿ ಉದುರಿಸಿ ಬಾ."

ಆ ಬೆಟ್ಟದ ಬಗ್ಗೆ ಅವಳೇ 'ಬೋಳು' ಅಂದದ್ದು ಅದೇ ಮೊದಲು.

ಆಮೇಲೆ ಅವಳು ಒಂದು ಊಬನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, ನನ್ನ ಕೈ ಹಿಡಿದು ಹತ್ತಿರ ಎಳೆದಳು. ಚಿಕ್ಕವರಿದ್ದಾಗ ಹೊರೆ ಇಳಿಸಿ ಕೂತಾಗಲೆಲ್ಲ ಈ ಆಟ ಆಡುತ್ತಿದ್ದರಂತೆ. ಬೆರಳನ್ನು ನೀರಿಗೆ ಅದ್ದಿ ಅದರ ಮೇಲೆ ಒಂದು ಹನಿ ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುರಿ ಬಿಚ್ಚಿದ ಹಗ್ಗದ ಹಾಗೆ ಆ ಒಣ ಕಡ್ಡಿ ಮೆಲ್ಲಗೆ ತನ್ನಷ್ಟಕ್ಕೇ ತಿರುಗತೊಡಗಿತು. ಬೀಜದ ಚೂಪು ತುದಿ ಅಮ್ಮನ ಅಂಗೈಯಲ್ಲಿ ಮಣ್ಣು ಹುಡುಕುತ್ತಿತ್ತು.